ಸಿನ್ಸ್, ಫಾರ್, ಬೈ, ವಿದಿನ್: ಹೊತ್ತು ಹೇಳುವಾಗ ಎಡವುವುದೆಲ್ಲಿ?

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಈಗ ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದೇನೆ. ದಿನವೂ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’, ‘ಐ ವಿಲ್ ಸೆಂಡ್ ದಿ ಸ್ಟಾಕ್ ಲಿಸ್ಟ್ ವಿದಿನ್ ಫ್ರೈಡೇ’ ಎಂದು ಬರೆದರೆ ತಪ್ಪು ಅನ್ನುತ್ತಾರೆ. ಯಾಕೆ ತಪ್ಪು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅಟ್, ಆನ್, ಇನ್ ನಿಯಮಗಳನ್ನು ಬಾಯಿಪಾಠ ಮಾಡಿದ್ದೇನೆ, ಬರೆಯುವ ಹೊತ್ತಿಗೆ ಮರೆತುಹೋಗುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ನಿಮ್ಮ ಎರಡು ವಾಕ್ಯಗಳಲ್ಲಿರುವ ತಪ್ಪು ಬೇರೆ ಬೇರೆಯಾಗಿ ಕಂಡರೂ ಅದರ ಬೇರು ಒಂದೇ. ಹೊತ್ತನ್ನು ನಾವು ಎರಡು ರೀತಿಯಲ್ಲಿ ಹೇಳುತ್ತೇವೆ. ಶುಕ್ರವಾರ, ಜೂನ್, 2021, ಒಂಬತ್ತು ಗಂಟೆ, ಯುಗಾದಿ ಇವೆಲ್ಲ ಕ್ಯಾಲೆಂಡರಿನ ಮೇಲೋ ಗಡಿಯಾರದ ಮೇಲೋ ಬೆರಳಿಟ್ಟು ತೋರಿಸಬಹುದಾದ ಹೊತ್ತುಗಳು. ಇವನ್ನು ‘ಹೆಸರು’ ಎಂದು ಕರೆಯೋಣ. ಮೂರು ವರ್ಷ, ಎರಡು ದಿನ, ಹತ್ತು ನಿಮಿಷ ಎಂದಾಗ ಎಲ್ಲೂ ಬೆರಳಿಡಲಾಗುವುದಿಲ್ಲ, ಎಣಿಸಿಯೇ ಹೇಳಬೇಕು. ಇವು ‘ಅಳತೆ’. ಕನ್ನಡದ ಪ್ರತ್ಯಯಗಳು ಹೆಸರಿಗೂ ಅಳತೆಗೂ ಒಂದೇ ಸಮನಾಗಿ ಅಂಟುತ್ತವೆ: ‘2021ರಿಂದ’, ‘ಮೂರು ವರ್ಷದಿಂದ’, ‘ಶುಕ್ರವಾರದೊಳಗೆ’, ‘ಎರಡು ದಿನದೊಳಗೆ’. ಇಂಗ್ಲಿಷ್ ಹಾಗಲ್ಲ. ಅದು ಹೆಸರಿಗೆ ಒಂದು ಪದವನ್ನೂ ಅಳತೆಗೆ ಇನ್ನೊಂದನ್ನೂ ಇಟ್ಟುಕೊಂಡಿದೆ. ಆದ್ದರಿಂದ ಪ್ರಿಪೊಸಿಷನ್ ಹುಡುಕುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾನು ಬರೆಯುತ್ತಿರುವುದು ಹೆಸರೋ, ಅಳತೆಯೋ? ನಿಮ್ಮ ಕಷ್ಟದ ಬಹುಪಾಲು ಅಲ್ಲೇ ತೀರುತ್ತದೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ‘ಇಂದ’. ಮೊದಲು ಅದನ್ನೇ ನೋಡೋಣ.

‘2021ರಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ’ ಎಂಬುದರಲ್ಲಿ 2021 ಹೆಸರು, ಹಾಗಾಗಿ ಸಿನ್ಸ್: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2021’. ‘ಮೂರು ವರ್ಷದಿಂದ ಮಾಡ್ತಿದ್ದೀನಿ’ ಎಂದರೆ ಅಳತೆ, ಹಾಗಾಗಿ ಫಾರ್: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’. ಎರಡರಲ್ಲೂ ‘ಆಮ್ ವರ್ಕಿಂಗ್’ ಇಲ್ಲ ಎಂಬುದನ್ನು ಗಮನಿಸಿ. ಕನ್ನಡದಲ್ಲಿ ‘ಮಾಡ್ತಿದ್ದೀನಿ’ ಎಂಬ ವರ್ತಮಾನ ಸಾಕು. ಇಂಗ್ಲಿಷಿನಲ್ಲಿ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ‘ಹ್ಯಾವ್ ಬೀನ್’ ಅಥವಾ ‘ಹ್ಯಾಸ್ ಬೀನ್’ ಬೇಕೇ ಬೇಕು. ಸಿನ್ಸ್ ತೆಗೆದು ಫಾರ್ ಹಾಕಿ, ‘ಐ ಆಮ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಎಂದು ನಿಲ್ಲಿಸಿದರೆ ಅರ್ಧ ತಪ್ಪು ಹಾಗೇ ಉಳಿಯಿತು. ಸಂದರ್ಶನಕ್ಕೆ ಹೋದವರು ತಮ್ಮ ಅನುಭವ ಹೇಳುವಾಗ ಎಡವುವುದು ಹೆಚ್ಚಾಗಿ ಇಲ್ಲೇ, ಅದೂ ಮೊದಲ ಎರಡು ವಾಕ್ಯಗಳೊಳಗೆ. ಈ ಒಂದು ರಚನೆಯನ್ನು ಮಾತ್ರ ಬಾಯಿಗೆ ಕೂರುವಷ್ಟು ಸಲ ಹೇಳಿ ರೂಢಿಸಿಕೊಳ್ಳಿ.

ಇಲ್ಲಿ ಒಂದು ವಿನಾಯಿತಿ ಇದೆ. ಗೊತ್ತಿರುವುದು, ಇರುವುದು, ತಮ್ಮದಾಗಿರುವುದು ಇಂಥ ಸ್ಥಿತಿಗಳನ್ನು ಹೇಳುವ ಕ್ರಿಯಾಪದಗಳಿಗೆ ‘ಇಂಗ್’ ಸೇರುವುದಿಲ್ಲ. ‘ಅವರನ್ನು ಹತ್ತು ವರ್ಷದಿಂದ ಬಲ್ಲೆ’ ಎಂಬುದು ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ‘ಹ್ಯಾವ್ ಬೀನ್ ನೋಯಿಂಗ್’ ಎಂದು ಯಾರೂ ಬರೆಯುವುದಿಲ್ಲ. ‘ಇಲ್ಲ’ ಎನ್ನುವ ವಾಕ್ಯಗಳೂ ಇದೇ ದಾರಿ ಹಿಡಿಯುತ್ತವೆ. ‘ಮೂರು ದಿನದಿಂದ ಕಾವೇರಿ ನೀರು ಬಂದಿಲ್ಲ’ ಎಂದು ದೂರು ಬರೆಯುವುದಾದರೆ ‘ವಿ ಹ್ಯಾವ್ ನಾಟ್ ಹ್ಯಾಡ್ ಕಾವೇರಿ ವಾಟರ್ ಫಾರ್ ತ್ರೀ ಡೇಸ್’. ‘ಸೋಮವಾರದಿಂದ ಬಂದಿಲ್ಲ’ ಎಂದಾದರೆ ‘ಸಿನ್ಸ್ ಮಂಡೇ’.

‘ಕಳೆದ ಮೂರು ವರ್ಷದಿಂದ’ ಎಂಬುದು ಇನ್ನೂ ಹೆಚ್ಚು ಜನರನ್ನು ಬೀಳಿಸುತ್ತದೆ. ‘ಫ್ರಮ್ ಲಾಸ್ಟ್ ತ್ರೀ ಇಯರ್ಸ್’, ‘ಸಿನ್ಸ್ ಲಾಸ್ಟ್ ತ್ರೀ ಇಯರ್ಸ್’ ಎಂದು ಬೆಂಗಳೂರಿನ ಆಫೀಸು ಮೇಲ್‌ಗಳಲ್ಲಿ ಬೇಕಾದಷ್ಟು ಸಿಗುತ್ತವೆ, ಎರಡೂ ತಪ್ಪು. ‘ಕಳೆದ’ ಎಂದು ಸೇರಿಸಿದರೂ ಮೂರು ವರ್ಷ ಅಳತೆಯೇ. ಆದ್ದರಿಂದ ‘ಫಾರ್ ದಿ ಲಾಸ್ಟ್ ತ್ರೀ ಇಯರ್ಸ್’. ನಡುವಿನ ‘ದಿ’ ಬಿಡಬೇಡಿ. ಆದರೆ ‘ಕಳೆದ ವಾರದಿಂದ’ ಎಂದಾಗ ಕಳೆದ ವಾರ ಎಂಬುದು ಕ್ಯಾಲೆಂಡರಿನ ಒಂದು ನಿರ್ದಿಷ್ಟ ಸಾಲು, ಅಂದರೆ ಹೆಸರು. ಅದಕ್ಕೆ ‘ಸಿನ್ಸ್ ಲಾಸ್ಟ್ ವೀಕ್’ ಸರಿ. ‘ಬಹಳ ದಿನದಿಂದ’ ಎಂಬುದಕ್ಕೆ ‘ಸಿನ್ಸ್ ಲಾಂಗ್’ ಎಂದು ಬರೆಯುವವರಿದ್ದಾರೆ, ಅದು ‘ಫಾರ್ ಎ ಲಾಂಗ್ ಟೈಮ್’ ಆಗಬೇಕು. ‘ಬೆಳಿಗ್ಗೆಯಿಂದ ಕರೆಂಟ್ ಇಲ್ಲ’ ಎಂಬುದಕ್ಕೆ ‘ಸಿನ್ಸ್ ದಿಸ್ ಮಾರ್ನಿಂಗ್’.

ಹಾಗಾದರೆ ಫ್ರಮ್ ಎಲ್ಲಿಗೆ? ಅದಕ್ಕೆ ಮುಖ್ಯವಾಗಿ ಎರಡು ಜಾಗ. ಶುರುವಿನ ಜೊತೆ ಕೊನೆಯನ್ನೂ ಹೇಳುವಾಗ ಒಂದು: ‘ಫ್ರಮ್ 9 ಟು 5’, ‘ಫ್ರಮ್ ಮಂಡೇ ಟು ಫ್ರೈಡೇ’. ಮುಂದೆ ಶುರುವಾಗಲಿರುವುದನ್ನು ಹೇಳುವಾಗ ಇನ್ನೊಂದು: ‘ಸೋಮವಾರದಿಂದ ರಜೆ’ ಎಂದರೆ ‘ಐ ವಿಲ್ ಬಿ ಆನ್ ಲೀವ್ ಫ್ರಮ್ ಮಂಡೇ’. ಸಂಬಳ ಹೆಚ್ಚಳದ ಪತ್ರದಲ್ಲಿ ಕಾಣುವ ‘ವಿತ್ ಎಫೆಕ್ಟ್ ಫ್ರಮ್ 1 ಏಪ್ರಿಲ್’ ಕೂಡ ಹೀಗೆ ಒಂದು ದಿನದಿಂದ ಮುಂದಕ್ಕೆ ಜಾರಿಯಾಗುವುದನ್ನು ಹೇಳುತ್ತದೆ. ಹಿಂದೆ ಶುರುವಾಗಿ ಇಂದಿಗೂ ನಡೆಯುತ್ತಿದ್ದರೆ ಸಿನ್ಸ್ ಅಥವಾ ಫಾರ್, ಬೇರೆ ಎಲ್ಲ ಕಡೆ ಫ್ರಮ್ ಎಂದು ಇಟ್ಟುಕೊಂಡರೆ ದಿನದ ಬರವಣಿಗೆಗೆ ಸಾಕು.

‘ಬಿಟ್ವೀನ್’ ಬಂದರೆ ಅದರ ಜೊತೆಗಾರ ‘ಆಂಡ್’. ‘ಬಿಟ್ವೀನ್ 10 ಟು 12’ ತಪ್ಪು, ‘ಬಿಟ್ವೀನ್ 10 ಆಂಡ್ 12’ ಸರಿ.

ಇನ್ನು ನಿಮ್ಮ ಎರಡನೇ ವಾಕ್ಯ. ‘ಒಳಗೆ’ ಎಂದೊಡನೆ ನಮ್ಮ ತಲೆಗೆ ವಿದಿನ್ ಬರುತ್ತದೆ. ವಿದಿನ್ ಬಯಸುವುದು ಅಳತೆಯನ್ನು: ‘ವಿದಿನ್ ಟೂ ಡೇಸ್’, ‘ವಿದಿನ್ ಆನ್ ಅವರ್’. ಶುಕ್ರವಾರ ಹೆಸರಾದ್ದರಿಂದ ಬೈ: ‘ಐ ವಿಲ್ ಸೆಂಡ್ ದಿ ಸ್ಟಾಕ್ ಲಿಸ್ಟ್ ಬೈ ಫ್ರೈಡೇ’. ಇದನ್ನೇ ಮಾತಿನಲ್ಲಿ ‘ಶುಕ್ರವಾರಕ್ಕೆ ಕೊಡ್ತೀನಿ’ ಎಂದೂ ಹೇಳುತ್ತೇವಲ್ಲ, ಆ ‘ಕ್ಕೆ’ ಕೂಡ ಗಡುವನ್ನೇ ಹೇಳುವುದರಿಂದ ಇಂಗ್ಲಿಷಿಗೆ ಬಂದಾಗ ಬೈ ಆಗುತ್ತದೆ. ‘ಆರು ಗಂಟೆ ಹೊತ್ತಿಗೆ’ ಎಂಬುದರಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಿ. ನಮ್ಮ ಮಾತಿನಲ್ಲಿ ಅದು ‘ಆರರ ಆಸುಪಾಸು’ ಎಂದೂ ಆಗಬಹುದು, ‘ಆರರೊಳಗೆ’ ಎಂದೂ ಆಗಬಹುದು. ಆಸುಪಾಸಾದರೆ ‘ಅರೌಂಡ್ 6’, ಗಡುವಾದರೆ ‘ಬೈ 6’. ಯಾವುದು ಎಂದು ತೀರ್ಮಾನಿಸದೆ ಬರೆದರೆ ಓದುವವರು ತಮಗೆ ಅನುಕೂಲವಾದದ್ದನ್ನು ಹಿಡಿಯುತ್ತಾರೆ.

ಬೈ ಎಂದರೆ ಆ ದಿನವೂ ಸೇರಿತು, ಬಿಫೋರ್ ಎಂದರೆ ಸೇರಲಿಲ್ಲ. ‘ಬೈ 31 ಜುಲೈ’ ಎಂದು ಬರೆದಿದ್ದರೆ 31ರಂದು ಕೊಟ್ಟರೂ ನಡೆಯುತ್ತದೆ. ‘ಬಿಫೋರ್ 31 ಜುಲೈ’ ಎಂದಿದ್ದರೆ 30ಕ್ಕೇ ಮುಗಿಸಬೇಕು. ಈ ಗೊಂದಲ ಬೇಡವೆಂದೇ ಬ್ಯಾಂಕು, ವಿಮೆ, ತೆರಿಗೆ ನೋಟಿಸುಗಳಲ್ಲಿ ‘ಆನ್ ಆರ್ ಬಿಫೋರ್’ ಎಂದು ಬರೆದಿರುತ್ತದೆ. ಹಣದ ವ್ಯವಹಾರದ ಪತ್ರಗಳಲ್ಲಿ ನೀವೂ ಅದನ್ನೇ ಬಳಸಿ.

ಬೈ ಮತ್ತು ಅನ್‌ಟಿಲ್ ಅದಲುಬದಲಾದರೆ ವ್ಯಾಕರಣದ ಜೊತೆಗೆ ಕೆಲಸವೂ ಕೆಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅಟ್, ಆನ್, ಇನ್ ಕಲಿಯಲು ವ್ಯಯಿಸುವ ಹೊತ್ತಿನ ಅರ್ಧವನ್ನಾದರೂ ಈ ಜೋಡಿಗೆ ಕೊಡಬೇಕು. ‘ಆನ್ ಮಂಡೇ’ ಬದಲು ‘ಇನ್ ಮಂಡೇ’ ಎಂದು ಬರೆದರೂ ಓದುವವರಿಗೆ ಸೋಮವಾರ ಎಂದು ತಿಳಿಯುತ್ತದೆ. ಆದರೆ ‘ಐ ವಿಲ್ ಬಿ ಇನ್ ದಿ ಆಫೀಸ್ ಬೈ 6’ ಎಂದರೆ ಆರರೊಳಗೆ ಬಂದು ಸೇರುತ್ತೇನೆ ಎಂದು ಅರ್ಥ, ‘ಅನ್‌ಟಿಲ್ 6’ ಎಂದರೆ ಆರರ ತನಕ ಇದ್ದು ಆಮೇಲೆ ಹೊರಡುತ್ತೇನೆ ಎಂದು. ಸಂಜೆ ಲಾರಿಯಲ್ಲಿ ಸರಕು ಕಳಿಸುವವರು ಇದನ್ನು ತಪ್ಪಾಗಿ ಓದಿಕೊಂಡರೆ ಬೀಗ ಹಾಕಿದ ಬಾಗಿಲ ಮುಂದೆ ಇಳಿಯುತ್ತಾರೆ. ಗುರುತು ಹಿಡಿಯುವುದು ಸುಲಭ: ಕನ್ನಡದಲ್ಲಿ ‘ತನಕ’ ಅಥವಾ ‘ವರೆಗೆ’ ಬಂದರೆ ಅನ್‌ಟಿಲ್ ಅಥವಾ ಟಿಲ್, ಹೆಸರಿನ ಜೊತೆ ‘ಒಳಗೆ’ ಬಂದರೆ ಬೈ. ಒಂದು ಕೆಲಸ ಆ ಹೊತ್ತಿನವರೆಗೆ ಎಡೆಬಿಡದೆ ನಡೆಯುತ್ತಿದ್ದರೆ ಅನ್‌ಟಿಲ್, ಆ ಹೊತ್ತಿಗೆ ಮುಂಚೆ ಯಾವಾಗಲಾದರೂ ಒಮ್ಮೆ ಆಗಿ ಮುಗಿಯುವುದಾದರೆ ಬೈ.

ಅನ್‌ಟಿಲ್ ವಿಷಯದಲ್ಲಿ ಕನ್ನಡವೇ ನಿಮಗೆ ಆಸರೆ. ‘ನೀವು ಬಿಲ್ ಕೊಡುವ ತನಕ’ ಎಂದು ನಾವು ‘ಇಲ್ಲ’ ಸೇರಿಸದೆ ಹೇಳುತ್ತೇವೆ, ಇಂಗ್ಲಿಷೂ ಹಾಗೇ: ‘ಅನ್‌ಟಿಲ್ ಯೂ ಸಬ್ಮಿಟ್ ದಿ ಬಿಲ್’. ಹಿಂದಿಯ ರೂಢಿಯಿಂದ ಬರುವ ‘ಅನ್‌ಟಿಲ್ ಯೂ ಡೋಂಟ್ ಸಬ್ಮಿಟ್’ ಎಂಬುದು ಆಫೀಸಿನಲ್ಲಿ ಕಿವಿಗೆ ಬಿದ್ದು ಬಿದ್ದು ಸರಿಯೆನಿಸಬಹುದು, ಹಿಡಿದುಕೊಳ್ಳಬೇಡಿ. ಅನ್‌ಟಿಲ್, ವೆನ್, ಬೈ ದಿ ಟೈಮ್ ಇವುಗಳ ಬೆನ್ನಲ್ಲೇ ಬರುವ ಕ್ರಿಯೆಗೆ ‘ವಿಲ್’ ಕೂಡ ಬೇಡ. ‘ಅನ್‌ಟಿಲ್ ಐ ಕಮ್’ ಸಾಕು, ‘ಅನ್‌ಟಿಲ್ ಐ ವಿಲ್ ಕಮ್’ ತಪ್ಪು.

‘ಹಿಂದೆ’, ‘ಬಿಟ್ಟು’, ‘ಮೇಲೆ’ ಇವಕ್ಕೂ ಅದೇ ಪರೀಕ್ಷೆ. ‘ಎರಡು ದಿನದ ಹಿಂದೆ’ ಅಳತೆ, ಆದ್ದರಿಂದ ‘ಟೂ ಡೇಸ್ ಅಗೋ’. ‘ಬಿಫೋರ್ ಟೂ ಡೇಸ್’ ಕನ್ನಡದ ನೆರಳು. ಬಿಫೋರ್ ಹೆಸರಿಗೆ ಸೇರಬೇಕು: ‘ಬಿಫೋರ್ ಮಂಡೇ’, ‘ಬಿಫೋರ್ ಲಂಚ್’. ‘ಟೂ ಡೇಸ್ ಬ್ಯಾಕ್’ ಮಾತಿನಲ್ಲಿ ಎಲ್ಲರೂ ಬಳಸುತ್ತಾರೆ, ಪತ್ರದಲ್ಲಿ ಅಗೋ ಬರೆಯಿರಿ. ಅಗೋ ಇದ್ದ ವಾಕ್ಯದಲ್ಲಿ ‘ಹ್ಯಾವ್’ ಬರಕೂಡದು: ‘ಐ ಸೆಂಟ್ ದಿ ಮೇಲ್ ಟೂ ಡೇಸ್ ಅಗೋ’. ‘ಹತ್ತು ನಿಮಿಷ ಬಿಟ್ಟು ಫೋನ್ ಮಾಡ್ತೀನಿ’ ಎಂಬುದಕ್ಕೆ ನಾವು ಸಹಜವಾಗಿ ‘ಆಫ್ಟರ್ ಟೆನ್ ಮಿನಿಟ್ಸ್’ ಎನ್ನುತ್ತೇವೆ. ಈ ಕ್ಷಣದಿಂದ ಮುಂದಕ್ಕೆ ಎಣಿಸುವಾಗ ಇಂಗ್ಲಿಷ್ ಬಳಸುವುದು ಇನ್: ‘ಐ ವಿಲ್ ಕಾಲ್ ಯೂ ಇನ್ ಟೆನ್ ಮಿನಿಟ್ಸ್’. ಆಗಿಹೋದ ಸಂಗತಿ ಹೇಳುವಾಗ ‘ಆಫ್ಟರ್ ಟೆನ್ ಮಿನಿಟ್ಸ್ ಹೀ ಕಾಲ್ಡ್ ಬ್ಯಾಕ್’ ಎನ್ನಬಹುದು. ‘ಇನ್ ಟೆನ್ ಮಿನಿಟ್ಸ್’ ಎಂದರೆ ಹತ್ತು ನಿಮಿಷ ಕಳೆದಾಗ, ‘ವಿದಿನ್ ಟೆನ್ ಮಿನಿಟ್ಸ್’ ಎಂದರೆ ಅದಕ್ಕೂ ಮುಂಚೆ ಯಾವಾಗ ಬೇಕಾದರೂ. ಗ್ರಾಹಕರಿಗೆ ಮಾತು ಕೊಡುವಾಗ ಈ ವ್ಯತ್ಯಾಸ ಗಮನದಲ್ಲಿರಲಿ.

ಮೀಟಿಂಗ್ ಮುಂದಕ್ಕೆ ಹೋದಾಗಲೂ ಅಷ್ಟೇ. ಗುರುವಾರಕ್ಕೆ ಹೋದರೆ ‘ಪೋಸ್ಟ್‌ಪೋನ್ಡ್ ಟು ಥರ್ಸ್‌ಡೇ’, ಎರಡು ದಿನ ಮುಂದಕ್ಕೆ ಹೋದರೆ ‘ಪೋಸ್ಟ್‌ಪೋನ್ಡ್ ಬೈ ಟೂ ಡೇಸ್’. ಇಲ್ಲಿ ಅಳತೆಗೆ ಸೇರಿದ ಬೈ ಗಡುವು ಹೇಳುವುದಿಲ್ಲ, ಎಷ್ಟು ಸರಿಯಿತು ಎಂದು ಹೇಳುತ್ತದೆ. ಹಿಂದಕ್ಕೆ ತಂದರೆ ಭಾರತದೊಳಗೆ ‘ಪ್ರಿಪೋನ್’ ಎಲ್ಲರಿಗೂ ಗೊತ್ತು. ಹೊರದೇಶದವರಿಗೆ ಬರೆಯುವಾಗ ‘ಬ್ರಾಟ್ ಫಾರ್ವರ್ಡ್ ಟು ಟ್ಯೂಸ್‌ಡೇ’ ಎನ್ನಿ, ಅವರಲ್ಲಿ ಅನೇಕರಿಗೆ ಪ್ರಿಪೋನ್ ಹೊಸ ಪದ.

ಈಗ ನೀವು ಬಾಯಿಪಾಠ ಮಾಡಿದ ಅಟ್, ಆನ್, ಇನ್. ಇವು ಮೂರೂ ಹೆಚ್ಚಾಗಿ ಹೆಸರಿಗೇ ಸೇರುವಂಥವು, ಮತ್ತು ನಮ್ಮ ವಿಭಕ್ತಿ ಪ್ರತ್ಯಯಗಳ ಜೊತೆ ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ. ಗಡಿಯಾರದ ಹೊತ್ತಿಗೆ ನಾವು ‘ಗೆ’ ಹಚ್ಚುತ್ತೇವೆ, ‘ಒಂಬತ್ತು ಗಂಟೆಗೆ’: ಅಲ್ಲಿ ಅಟ್. ತಿಂಗಳಿಗೆ, ವರ್ಷಕ್ಕೆ ‘ಅಲ್ಲಿ’ ಹಚ್ಚುತ್ತೇವೆ, ‘ಜೂನ್‌ನಲ್ಲಿ’, ‘1537ರಲ್ಲಿ’: ಅಲ್ಲಿ ಇನ್. ವಾರಕ್ಕೆ ಏನನ್ನೂ ಹಚ್ಚುವುದಿಲ್ಲ, ‘ಸೋಮವಾರ ಬರ್ತೀನಿ’; ತಾರೀಕಿಗೆ ‘ರಂದು’ ಎನ್ನುತ್ತೇವೆ: ಎರಡಕ್ಕೂ ಆನ್. ‘2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಓಡಾಟ ಶುರುವಾಯಿತು’ ಎಂಬುದು ‘ಆನ್ 20 ಅಕ್ಟೋಬರ್ 2011’. ಅದೇ ದಿನ ಬಿಟ್ಟು ತಿಂಗಳು ಮಾತ್ರ ಹೇಳಿದರೆ ‘ಇನ್ ಅಕ್ಟೋಬರ್ 2011’. ತಾರೀಕು ಬಂದ ಕೂಡಲೇ ಇನ್ ಹೋಗಿ ಆನ್ ಬರುತ್ತದೆ.

ಈ ಹೊಂದಾಣಿಕೆ ಮುರಿಯುವುದು ದಿನದ ಭಾಗಗಳಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಗೆ ‘ಇನ್ ದಿ ಮಾರ್ನಿಂಗ್’, ‘ಇನ್ ದಿ ಆಫ್ಟರ್‌ನೂನ್’, ‘ಇನ್ ದಿ ಈವ್ನಿಂಗ್’. ರಾತ್ರಿಗೆ ‘ಅಟ್ ನೈಟ್’. ಇದನ್ನು ಹಾಗೇ ಕಲಿಯಬೇಕು. ಆದರೆ ವಾರದ ಹೆಸರು ಮುಂದೆ ಬಂದರೆ ಆನ್ ಗೆಲ್ಲುತ್ತದೆ: ‘ಆನ್ ಮಂಡೇ ಮಾರ್ನಿಂಗ್’, ‘ಆನ್ ಸ್ಯಾಟರ್ಡೇ ನೈಟ್’. ‘ಇವತ್ತು ಬೆಳಿಗ್ಗೆ’ ಎಂಬುದಕ್ಕೆ ‘ಟುಡೇ ಮಾರ್ನಿಂಗ್’ ಬೇಡ, ‘ದಿಸ್ ಮಾರ್ನಿಂಗ್’ ಬರೆಯಿರಿ. ‘ನಿನ್ನೆ ರಾತ್ರಿ’ಗೆ ‘ಲಾಸ್ಟ್ ನೈಟ್’. ‘ಯೆಸ್ಟರ್ಡೇ ಮಾರ್ನಿಂಗ್’, ‘ಟುಮಾರೋ ಈವ್ನಿಂಗ್’ ಮಾತ್ರ ಸರಿಯಾಗಿಯೇ ಇವೆ.

ದಿಸ್, ಲಾಸ್ಟ್, ನೆಕ್ಸ್ಟ್, ಎವ್ರಿ ಬಂದಲ್ಲಿ ಅಟ್, ಆನ್, ಇನ್ ಯಾವುದೂ ಬೇಡ. ‘ಆನ್ ಲಾಸ್ಟ್ ಮಂಡೇ’ ತಪ್ಪು, ‘ಲಾಸ್ಟ್ ಮಂಡೇ’ ಸಾಕು. ಇದರಲ್ಲಿ ಒಂದು ಸೂಕ್ಷ್ಮವಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವುದು. ಅದನ್ನು ‘ಆನ್ ದಿ ಲಾಸ್ಟ್ ಮಂಡೇ ಆಫ್ ಕಾರ್ತಿಕ’ ಎಂದೇ ಬರೆಯಬೇಕು, ಏಕೆಂದರೆ ಇಲ್ಲಿ ಲಾಸ್ಟ್ ಎಂದರೆ ‘ಹೋದ’ ಎಂದಲ್ಲ, ‘ಕೊನೆಯ’ ಎಂದು. ‘ದಿ’ ಸೇರಿದ ಕೂಡಲೇ ಆನ್ ವಾಪಸು ಬರುತ್ತದೆ. ಹಬ್ಬದ ದಿನಕ್ಕೆ ಆನ್, ಹಬ್ಬದ ಆಸುಪಾಸಿನ ನಾಲ್ಕಾರು ದಿನಗಳಿಗೆ ಅಟ್. ‘ಯುಗಾದಿಗೆ ಊರಿಗೆ ಹೋಗ್ತೀನಿ’ ಎಂಬಲ್ಲಿ ಹಬ್ಬವೇ ಹೋಗುವುದಕ್ಕೆ ಕಾರಣವಾದ್ದರಿಂದ ‘ಐ ಆಮ್ ಗೋಯಿಂಗ್ ಹೋಮ್ ಫಾರ್ ಯುಗಾದಿ’.

ಡ್ಯೂರಿಂಗ್, ವೈಲ್, ಫಾರ್ ಮೂರನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ‘ಡ್ಯೂರಿಂಗ್ ದಿ ಆಡಿಟ್’ ಎಂದು ನಡೆಯುವ ಸಂಗತಿಯ ಹೆಸರಿಗೆ, ‘ಫಾರ್ ಟೂ ಅವರ್ಸ್’ ಎಂದು ಅಳತೆಗೆ, ‘ವೈಲ್ ವಿ ವರ್ ಕೌಂಟಿಂಗ್ ದಿ ಸ್ಟಾಕ್’ ಎಂದು ಇಡೀ ವಾಕ್ಯಕ್ಕೆ. ‘ಡ್ಯೂರಿಂಗ್ ಟೂ ಅವರ್ಸ್’ ಇಲ್ಲ. ಆನ್ ಟೈಮ್ ಎಂದರೆ ಹೇಳಿದ ಹೊತ್ತಿಗೆ ಸರಿಯಾಗಿ, ಇನ್ ಟೈಮ್ ಎಂದರೆ ತಡವಾಗುವ ಮೊದಲೇ. ರೈಲು ‘ಆನ್ ಟೈಮ್’ ಹೊರಟಿತು. ನಾವು ಅದನ್ನು ಹಿಡಿಯಲು ‘ಇನ್ ಟೈಮ್’ ಯಶವಂತಪುರ ಮುಟ್ಟಿದೆವು.

ಕೊನೆಗೆ ಇವೆಲ್ಲವನ್ನೂ ಜೋಡಿಸುವ ಕ್ರಮ. ಕನ್ನಡ ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತದೆ: ‘ಜೂನ್ 1, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ’. ಪ್ರತ್ಯಯವೂ ಕೊನೆಯಲ್ಲಿ ಒಂದೇ ಸಲ. ಇಂಗ್ಲಿಷ್ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತದೆ, ಗಂಟೆಗೆ ಒಂದು, ದಿನಕ್ಕೆ ಒಂದು ಎಂದು ಬೇರೆ ಬೇರೆ ಪದ ಕೇಳುತ್ತದೆ: ‘ಅಟ್ 10.30 ಎ.ಎಂ. ಆನ್ ಮಂಡೇ, 1 ಜೂನ್’. ಎ.ಎಂ. ಬರೆದ ಮೇಲೆ ‘ಇನ್ ದಿ ಮಾರ್ನಿಂಗ್’ ಬೇಡ. ಮಧ್ಯರಾತ್ರಿಯ ಗಡುವು ಕೊಡಬೇಕಾದರೆ ‘ಅಟ್ ಮಿಡ್‌ನೈಟ್ ಆನ್ ಫ್ರೈಡೇ’ ಎಂದು ಬರೆಯಬೇಡಿ, ಅದು ಶುಕ್ರವಾರ ಹುಟ್ಟುವ ರಾತ್ರಿಯೋ ಮುಗಿಯುವ ರಾತ್ರಿಯೋ ಗೊತ್ತಾಗುವುದಿಲ್ಲ. ‘ಬೈ 11.59 ಪಿ.ಎಂ. ಆನ್ ಫ್ರೈಡೇ’ ಎಂದರೆ ವಾದವಿಲ್ಲ. ‘12 ಪಿ.ಎಂ.’ ಎಂದರೆ ಮಧ್ಯಾಹ್ನ, ರಾತ್ರಿಯಲ್ಲ.

ರಜೆಯ ಮೇಲ್‌ನಲ್ಲಿ ‘ಆನ್ ಲೀವ್ ಅನ್‌ಟಿಲ್ ಫ್ರೈಡೇ’ ಎಂದರೆ ಶುಕ್ರವಾರ ನೀವು ಇರುತ್ತೀರೋ ಇಲ್ಲವೋ ಎಂದು ಓದಿದವರು ಕೇಳಿಯೇ ಕೇಳುತ್ತಾರೆ. ‘ಆನ್ ಲೀವ್ ಫ್ರಮ್ ಮಂಡೇ, 1 ಜೂನ್ ಟು ಫ್ರೈಡೇ, 5 ಜೂನ್, ಬ್ಯಾಕ್ ಆನ್ ಮಂಡೇ, 8 ಜೂನ್’ ಎಂದು ಮರಳುವ ದಿನವನ್ನೂ ಹಾಕಿ. ಅಮೆರಿಕದವರು ‘ಮಂಡೇ ಥ್ರೂ ಫ್ರೈಡೇ’ ಎಂದು ಬರೆದರೆ ಶುಕ್ರವಾರ ಸೇರಿತು ಎಂದೇ ಅರ್ಥ. ‘ನೆಕ್ಸ್ಟ್ ಫ್ರೈಡೇ’ ಒಬ್ಬರಿಗೆ ಬರುವ ಶುಕ್ರವಾರ, ಇನ್ನೊಬ್ಬರಿಗೆ ಅದರ ಮುಂದಿನದು, ಆದ್ದರಿಂದ ಜೊತೆಗೆ ತಾರೀಕು ಇರಲಿ. ತಾರೀಕನ್ನು 05/06 ಎಂದು ಅಂಕಿಯಲ್ಲಿ ಬರೆದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ, ಗಂಟೆ ಬರೆದ ನಂತರ ‘ಐಎಸ್‌ಟಿ’ (ಭಾರತೀಯ ಕಾಲಮಾನ) ಎಂದು ಸೇರಿಸಿ.